ಒಳಗಿಡುವುದೆಷ್ಟು, ಹೊರಗೆ ಕೊಡುವುದೆಷ್ಟು

ದೊಡ್ಡ ಫೈಲೊಂದನ್ನು ಹತ್ತು ಸಣ್ಣ ಫೈಲುಗಳಾಗಿ ಕತ್ತರಿಸಿದ ಮಾತ್ರಕ್ಕೆ ಮಾಡ್ಯೂಲ್ ಆಗುವುದಿಲ್ಲ. ಹತ್ತು ಫೈಲಾಗುತ್ತದೆ, ಅಷ್ಟೆ. ಇಲ್ಲಿಂದಾಚೆಗೆ ಏನು ಹೋಗಕೂಡದು ಎಂದು ಬರೆದವರು ತೀರ್ಮಾನಿಸಿದ ಮೇಲೆ ಅದು ಮಾಡ್ಯೂಲ್.

*

ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಕಂಪನಿಯಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಬರೆದದ್ದು 1995ರ ಮೇ ತಿಂಗಳಲ್ಲಿ, ಹತ್ತು ದಿನಗಳಲ್ಲಿ. ಇಂಪೋರ್ಟ್, ಎಕ್ಸ್‌ಪೋರ್ಟ್ ಎಂಬ ಎರಡು ಪದಕ್ಕೆ ಆ ಭಾಷೆಯ ನಿಯಮಪುಸ್ತಕದಲ್ಲಿ ಕೆಲಸ ಸಿಕ್ಕಿದ್ದು 2015ರ ಜೂನ್‌ನಲ್ಲಿ. ಹತ್ತು ದಿನದಲ್ಲಿ ಬಿಟ್ಟುಹೋದದ್ದನ್ನು ಸೇರಿಸಲು ಇಪ್ಪತ್ತು ವರ್ಷ ಹಿಡಿಯಿತು. ಅಷ್ಟು ಕಾಲವೂ ಒಂದು ಪುಟಕ್ಕೆ ಬಂದ ಎಲ್ಲರ ವೇರಿಯಬಲ್‌ಗಳೂ ಒಂದೇ ಕಡೆ ಬಿದ್ದಿದ್ದವು.

*

ನಂಜನಗೂಡಿನ ಹುಡುಗಿಯೊಬ್ಬಳು ರಸಬಾಳೆಯ ಬೆಲೆ ತೋರಿಸುವ ಪುಟವೊಂದನ್ನು ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ತಿ. ನರಸೀಪುರದ ಅವಳ ಸಹಪಾಠಿ, ಯಾವ ಹೋಬಳಿಯಲ್ಲಿ ಏನು ಬೆಳೆ ಎಂಬ ಪಟ್ಟಿಯನ್ನು ಅದೇ ಪುಟಕ್ಕೆ ಬರೆದುಕೊಡುತ್ತಾನೆ. ಬೆಲೆಗೆ ಅವಳಿಟ್ಟ ಇಂಗ್ಲಿಷ್ ಅಕ್ಷರದ ಹೆಸರು ಬಿ-ಇ-ಎಲ್-ಇ. ಬೆಳೆಗೆ ಅವನಿಟ್ಟದ್ದೂ ಬಿ-ಇ-ಎಲ್-ಇ. ಎರಡು ಸ್ಕ್ರಿಪ್ಟ್ ಟ್ಯಾಗ್ ಒಂದೇ ಪುಟದಲ್ಲಿ ಕೂತವು. ಇಬ್ಬರೂ 'ವಾರ್' ಬಳಸಿದ್ದರೆ ಎರಡನೆಯದು ಮೊದಲನೆಯದನ್ನು ಸದ್ದಿಲ್ಲದೆ ಅಳಿಸಿ ತಾನು ಕೂರುತ್ತದೆ. ಕಿಲೋ ಬಾಳೆಯ ದರ ಕಾಣಬೇಕಾದಲ್ಲಿ ಭತ್ತ, ಕಬ್ಬು ಎಂದು ಬರುತ್ತದೆ. ಇಬ್ಬರೂ 'ಲೆಟ್' ಬಳಸಿದ್ದರೆ ಈ ಹೆಸರು ಆಗಲೇ ಇದೆ ಎಂದು ತಗಾದೆ ತೆಗೆದು ಎರಡನೆಯ ಫೈಲು ಒಂದು ಸಾಲೂ ಓಡದೆ ನಿಂತುಬಿಡುತ್ತದೆ.

"ಲೋ, ನಿಂದು ಸೇರಿಸಿದ್ಮೇಲೆ ನಂದು ಕೆಟ್ಟೋಯ್ತು ಕಣೋ."

"ನಿಂದು ನಾನು ಮುಟ್ಟೇ ಇಲ್ವಲ್ಲೇ!"

ಇಬ್ಬರ ಮಾತೂ ನಿಜ. ಮಾಡ್ಯೂಲ್ ಇಲ್ಲದ ಕಾಲದ ತೊಂದರೆಯೆಲ್ಲ ಈ ಎರಡು ಮಾತಿನಲ್ಲಿದೆ.

*

ಹೆಸರಿನ ಜಗಳದಲ್ಲಿ ಹೆಸರಿಟ್ಟವರನ್ನು ಬೈದು ಉಪಯೋಗವಿಲ್ಲ. ಒಳ್ಳೆಯ ಹೆಸರು ಇಬ್ಬರಿಗೂ ಹೊಳೆದೇ ಹೊಳೆಯುತ್ತದೆ.

*

ಹಳೆಯ ಸ್ಕ್ರಿಪ್ಟಿನಲ್ಲಿ 'ವಾರ್' ಬಳಸಿ 'ನೇಮ್' ಎಂಬ ವೇರಿಯಬಲ್ ಮಾಡಿ ಅದಕ್ಕೆ ನಾಲ್ಕು ಹೆಸರಿನ ಪಟ್ಟಿಯನ್ನು ಕೊಟ್ಟು ನೋಡಿ. ಅದು ಪಟ್ಟಿಯಾಗಿ ಉಳಿಯುವುದಿಲ್ಲ, ಅಲ್ಪವಿರಾಮ ಹಾಕಿ ಅಂಟಿಸಿದ ಒಂದೇ ಸಾಲಾಗುತ್ತದೆ. ಬ್ರೌಸರಿನ ಕಿಟಕಿಗೇ 'ನೇಮ್' ಎಂಬ ಗುಣವೊಂದಿದೆ, ಅದಕ್ಕೆ ಏನು ಕೊಟ್ಟರೂ ಅಕ್ಷರಸಾಲಾಗಿ ಬದಲಾಗುತ್ತದೆ. ಹೊಸಬರ ವೇರಿಯಬಲ್ ಹೋಗಿ ಅದರ ಮೇಲೆ ಕೂತಿರುತ್ತದೆ. ಅದೇ ಸಾಲನ್ನು ಮಾಡ್ಯೂಲಿನೊಳಗೆ ಬರೆದರೆ ಪಟ್ಟಿ ಪಟ್ಟಿಯಾಗಿಯೇ ಇರುತ್ತದೆ. ಕಲಿಯುವವರಿಗೆ ಮಾಡ್ಯೂಲ್ ಏಕೆ ಬೇಕೆಂದು ತೋರಿಸಲು ಇದಕ್ಕಿಂತ ಚಿಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ.

*

ಭಾಷೆ ಗೋಡೆ ಕೊಡದಿದ್ದಾಗ ಬರೆಯುವವರು ಫಂಕ್ಷನ್ನನ್ನೇ ಗೋಡೆ ಮಾಡಿಕೊಂಡರು. ಎಲ್ಲವನ್ನೂ ಒಂದು ಫಂಕ್ಷನ್ನಿನೊಳಗೆ ಹಾಕಿ, ಬರೆದ ಜಾಗದಲ್ಲೇ ಅದನ್ನು ಕರೆದುಬಿಡುವುದು. ಫಂಕ್ಷನ್ ಒಳಗಿನ ಹೆಸರು ಹೊರಗೆ ಕಾಣದು ಎಂಬ ಒಂದೇ ನಿಯಮದ ಮೇಲೆ ವರ್ಷಾನುಗಟ್ಟಲೆ ಜಗತ್ತಿನ ಅಂತರ್ಜಾಲ ನಡೆಯಿತು.

ಇದರ ಮಾದರಿ ನೋಡಲು ದೂರ ಹೋಗಬೇಕಿಲ್ಲ. ವಿಕಿಪೀಡಿಯದಲ್ಲಿ ಕನ್ನಡ ಟೈಪ್ ಮಾಡಲು ನೆರವಾಗುವ ಜೆಕ್ವೆರಿ.ಐಎಂಇ ಎಂಬ ತಂತ್ರಾಂಶವನ್ನು ವಿಕಿಮೀಡಿಯದ ಭಾಷಾ ತಂಡ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಅದರ 'ರೂಲ್ಸ್' ಫೋಲ್ಡರಿನಲ್ಲಿ ಭಾಷೆಗೊಂದು ಗೂಡು. ಕನ್ನಡದ ಗೂಡಿನಲ್ಲಿ ಲಿಪ್ಯಂತರಕ್ಕೆ ಒಂದು ಫೈಲು, ಇನ್‌ಸ್ಕ್ರಿಪ್ಟಿಗೆ ಬೇರೆ, ನುಡಿ ತಂತ್ರಾಂಶ ಬಳಸುವವರೆಲ್ಲ ಕೈಯಿಂದಲೇ ಬಲ್ಲ ಕೆ.ಪಿ. ರಾವ್ ವಿನ್ಯಾಸಕ್ಕೆ ಒಂದು. ಯಾವುದನ್ನು ತೆರೆದರೂ ಮೊದಲ ಸಾಲಿನಲ್ಲಿ ಒಂದು ಫಂಕ್ಷನ್ ಶುರುವಾಗಿ ಕೊನೆಯ ಸಾಲಿನಲ್ಲಿ ಮುಗಿಯುತ್ತದೆ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬ ಜೋಡಿಗಳೆಲ್ಲ ನಡುವೆ. 'ಎಫ್' ಒತ್ತಿ ಅರ್ಧಾಕ್ಷರ ಮಾಡುವ ಆ ಗುಟ್ಟು ಕೂಡ ಅಲ್ಲೇ, ಒಂದು ಸಾಲಾಗಿ. ಹೊರಗೆ ಹೋಗುವುದು ಒಂದೇ: ಕಡೆಯಲ್ಲಿ 'ರಿಜಿಸ್ಟರ್' ಎಂದು ಕರೆದು, ಇಗೋ ನನ್ನದೊಂದು ವಿನ್ಯಾಸ, ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಒಪ್ಪಿಸುವುದು. ಎಕ್ಸ್‌ಪೋರ್ಟ್ ಎಂಬ ಪದವೇ ಇಲ್ಲದ ಕಡೆ ಎಕ್ಸ್‌ಪೋರ್ಟ್ ಮಾಡಿದ ರೀತಿ ಇದು. ಓದುಗರು ಆ ವಿನ್ಯಾಸವನ್ನು ಆರಿಸಿಕೊಂಡಾಗಷ್ಟೇ ಆ ಫೈಲು ಇಳಿಯುತ್ತದೆ. ತಮಿಳಿನವರ ಫೋನಿಗೆ ನಮ್ಮ ಒತ್ತಕ್ಷರದ ಭಾರ ಬೀಳುವುದಿಲ್ಲ.

*

ಅಚ್ಚುಕಟ್ಟು ಎಂಬುದು ಭಾಷೆ ಕೊಡುವ ಸೌಲಭ್ಯವಲ್ಲ, ಬರೆಯುವವರ ಅಭ್ಯಾಸ. ಮಾಡ್ಯೂಲ್ ಬಂದ ಮೇಲೂ ಕಸ ಬರೆಯುವವರು ಬರೆಯುತ್ತಲೇ ಇದ್ದಾರೆ.

*

ಫಂಕ್ಷನ್ನಿನ ಗೋಡೆಗೂ ಇಂದಿನ ಮಾಡ್ಯೂಲಿಗೂ ನಡುವೆ ಬಂದದ್ದನ್ನು ಬೇಗ ಹೇಳಿ ಮುಗಿಸಬಹುದು. 2009ರಲ್ಲಿ ಕೆವಿನ್ ಡಂಗೂರ್ ಶುರುಮಾಡಿದ ಚರ್ಚೆಯಿಂದ ಕಾಮನ್‌ಜೆಎಸ್ ಎಂಬ ಮಾಡ್ಯೂಲ್ ಪದ್ಧತಿ ಬಂತು. ಅದೇ ವರ್ಷ, ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ರಯಾನ್ ಡಾಲ್ ಅವರ ನೋಡ್ ಬಂದು 'ರಿಕ್ವೈರ್' ಎಂಬ ಪದವನ್ನು ಎಲ್ಲರ ಬೆರಳಿಗೆ ಹತ್ತಿಸಿತು. ಬ್ರೌಸರಿನವರು ಬೇರೊಂದು ದಾರಿ ಹಿಡಿದರು. 2015ರಲ್ಲಿ ನಿಯಮ ಬಂತು, ಆದರೆ ಪುಸ್ತಕದಲ್ಲಿ. ಸಫಾರಿ 2017ರ ಮಾರ್ಚ್‌ನಲ್ಲಿ ಕಲಿತರೆ ಫೈರ್‌ಫಾಕ್ಸ್ 2018ರ ಮೇನಲ್ಲಿ ಕಲಿಯಿತು. ಇವತ್ತಿಗೂ ಹಳೆಯ ಯೋಜನೆ ತೆರೆದರೆ ಒಂದೇ ಫೋಲ್ಡರಿನಲ್ಲಿ ಎರಡು ಕಾಲದ ಪದ್ಧತಿ ಅಕ್ಕಪಕ್ಕ ಕೂತಿರುತ್ತವೆ.

*

ಹೊಸಬರು ಎಡವುವ ಮೊದಲ ಮೆಟ್ಟಿಲು ಇಂಪೋರ್ಟ್ ಅಲ್ಲ, ಡಬಲ್ ಕ್ಲಿಕ್. ಎಚ್‌ಟಿಎಂಎಲ್ ಫೈಲನ್ನು ಡೆಸ್ಕ್‌ಟಾಪಿನಿಂದ ಹಾಗೇ ತೆರೆದರೆ ಮಾಡ್ಯೂಲ್ ಓಡುವುದಿಲ್ಲ. ಬಿಳೀ ಪುಟ, ಕನ್ಸೋಲಿನಲ್ಲಿ ಕೆಂಪು ಸಾಲು. ಮಾಡ್ಯೂಲನ್ನು ಬ್ರೌಸರ್ ಜಾಲದಿಂದ ತರುವ ವಸ್ತುವಾಗಿ ನೋಡುತ್ತದೆ, ಡಿಸ್ಕಿನಲ್ಲಿ ಬಿದ್ದ ಫೈಲಿಗೆ ಜಾಲದ ಗುರುತು ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲೇ ಒಂದು ಪುಟ್ಟ ಸರ್ವರ್ ಓಡಿಸಿದರೆ ಸರಿಹೋಯಿತು. ಈ ಒಂದು ವಾಕ್ಯವನ್ನು ಮೊದಲ ಪಾಠದಲ್ಲೇ ಹೇಳದ ಪುಸ್ತಕಗಳು ಎಷ್ಟು ಮಕ್ಕಳನ್ನು ಎದ್ದುಹೋಗುವಂತೆ ಮಾಡಿವೆಯೋ.

ಎರಡನೆಯ ಮೆಟ್ಟಿಲು ಒಂದು ಚುಕ್ಕಿ. ಪಕ್ಕದ ಫೈಲಿನಿಂದ ತರುವಾಗ ಹೆಸರಿನ ಮುಂದೆ ಚುಕ್ಕಿ ಮತ್ತು ಓರೆಗೆರೆ ಬೇಕು, ಬ್ರೌಸರಿನಲ್ಲಾದರೆ ಕೊನೆಯ ಜೆಎಸ್ ಕೂಡ ಬೇಕು. ಚುಕ್ಕಿ ಬಿಟ್ಟರೆ ಅದು ಪಕ್ಕದ ಫೈಲಲ್ಲ, ಎಲ್ಲೋ ಹೊರಗಿನ ಪ್ಯಾಕೇಜು ಎಂದು ಅರ್ಥ. ನನ್ನದು ಯಾವುದು, ಪರರದು ಯಾವುದು ಎಂಬ ವಿವೇಕವನ್ನು ಒಂದು ಚುಕ್ಕಿಯಲ್ಲಿಟ್ಟಿದ್ದಾರೆ.

*

ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ತೆಗೆಯುವ ಕಾರ್ಖಾನೆಯಿದೆ. ಒಳಗೆ ಹೋಗುವುದು ಗೂಡು. ಅಲ್ಲಿ ಅದನ್ನು ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಗೂಡಿನ ಎಳೆಗಳನ್ನು ಕೂಡಿಸಿ ಒಂದು ನೂಲು ಮಾಡಿ ಸುತ್ತುತ್ತಾರೆ. ಹೊರಗೆ ಬರುವುದು ಕಚ್ಚಾ ರೇಷ್ಮೆಯ ಲಡಿ. ಅದು ಮೈಸೂರಿನ ಮಾನಂದವಾಡಿ ರಸ್ತೆಯ ನೇಯ್ಗೆ ಕಾರ್ಖಾನೆಗೆ ಹೋಗುತ್ತದೆ. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಆ ಕಾರ್ಖಾನೆಯ ಮಗ್ಗಕ್ಕೆ ಬಿಸಿನೀರಿನ ಕಾವೆಷ್ಟಿತ್ತು, ಗೂಡು ಎಷ್ಟು ಹೊತ್ತು ಬೆಂದಿತು ಎಂಬುದು ಬೇಕಿಲ್ಲ. ಅದಕ್ಕೆ ಬೇಕಾದ್ದು ನೂಲಿನ ದಪ್ಪ, ಅಂದರೆ ಡೆನಿಯರ್. ನರಸೀಪುರದಲ್ಲಿ ಯಂತ್ರವನ್ನೇ ಬದಲಿಸಲಿ, ಡೆನಿಯರ್ ಒಂದು ಮಾತು ತಪ್ಪದಿದ್ದರೆ ಮೈಸೂರಿನಲ್ಲಿ ಒಂದು ಮಗ್ಗವೂ ನಿಲ್ಲುವುದಿಲ್ಲ. ಡೆನಿಯರ್ ಬದಲಿಸಿ ಹೇಳದೆ ಕಳಿಸಿದರೆ ಇಡೀ ಸಾಲು ಮಗ್ಗ ಕೆಡುತ್ತದೆ.

ಎಕ್ಸ್‌ಪೋರ್ಟ್ ಎಂದರೆ ಆ ಲಡಿ. ಫಂಕ್ಷನ್ನಿನ ಹೆಸರು, ಅದಕ್ಕೆ ಏನು ಕೊಡಬೇಕು, ಅದು ಏನು ವಾಪಸು ಕೊಡುತ್ತದೆ, ಇಷ್ಟೇ ಡೆನಿಯರ್. ಉಳಿದದ್ದೆಲ್ಲ ಒಳಗಿನ ಬಿಸಿನೀರು. ಅದನ್ನು ದಿನಾ ಬದಲಿಸುವ ಹಕ್ಕು ನಿಮ್ಮದು. ಪ್ಯಾಕೇಜುಗಳ ಆವೃತ್ತಿಯ ಮೂರು ಅಂಕಿಗಳಲ್ಲಿ ಮೊದಲನೆಯದನ್ನು ಏರಿಸುವುದು ಯಾವಾಗ ಎಂದು ಕೇಳುತ್ತಾರೆ. ಡೆನಿಯರ್ ಬದಲಾದಾಗ.

*

ಒಮ್ಮೆ ಹೊರಗೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವುದು ಕಷ್ಟ. ಕೊಡದೆ ಇಟ್ಟದ್ದನ್ನು ನಾಳೆ ಕೊಡುವುದು ಸುಲಭ. ಅನುಮಾನವಿದ್ದರೆ ಎಕ್ಸ್‌ಪೋರ್ಟ್ ಮಾಡಬೇಡಿ.

*

"ಇರಲಿ, ಮುಂದೆ ಯಾರಿಗಾದರೂ ಬೇಕಾದೀತು" ಎಂದು ಎಕ್ಸ್‌ಪೋರ್ಟ್ ಮಾಡಿದ ಫಂಕ್ಷನ್ ಖಂಡಿತ ಯಾರಿಗೋ ಬೇಕಾಗುತ್ತದೆ. ನೀವು ಅದನ್ನು ಅಳಿಸಬೇಕೆಂದುಕೊಂಡ ವಾರದಲ್ಲೇ ಅದು ತಿಳಿಯುವುದು.

*

ಡೇವಿಡ್ ಪಾರ್ನಸ್ 1972ರಲ್ಲಿ ಒಂದು ಪ್ರಬಂಧ ಬರೆದರು. ಪ್ರೋಗ್ರಾಮನ್ನು ಮಾಡ್ಯೂಲುಗಳಾಗಿ ಒಡೆಯುವುದು ಯಾವ ಆಧಾರದ ಮೇಲೆ ಎಂಬುದೇ ಅದರ ಪ್ರಶ್ನೆ. ಜಾವಾಸ್ಕ್ರಿಪ್ಟ್ ಹುಟ್ಟುವುದಕ್ಕೆ ಇಪ್ಪತ್ತಮೂರು ವರ್ಷ ಮುಂಚಿನ ಮಾತು. ಕೆಲಸದ ಹಂತಗಳನ್ನು ನೋಡಿ ಒಡೆಯಬೇಡಿ, ಮುಂದೆ ಬದಲಾದೀತು ಎನಿಸುವ ತೀರ್ಮಾನಗಳನ್ನು ಗುರುತಿಸಿ ಒಂದೊಂದನ್ನು ಒಂದೊಂದು ಮಾಡ್ಯೂಲಿನಲ್ಲಿ ಬಚ್ಚಿಡಿ ಎಂದರು.

ನಮ್ಮ ರಸಬಾಳೆ ಪುಟಕ್ಕೇ ಬನ್ನಿ. ಎಲ್ಲರಿಗೂ ಮೊದಲು ಹೊಳೆಯುವುದು ಮೂರು ಫೈಲು: ಓದು, ಲೆಕ್ಕ ಹಾಕು, ತೋರಿಸು. ನೋಡಲು ಚೆಂದ. ಆದರೆ ಗೊನೆ ಲೆಕ್ಕವೋ, ಚಿಪ್ಪಿನ ಲೆಕ್ಕವೋ, ಕಿಲೋ ಲೆಕ್ಕವೋ ಎಂಬ ತಿಳಿವಳಿಕೆ ಮೂರರಲ್ಲೂ ಹರಡಿರುತ್ತದೆ. ವ್ಯಾಪಾರಿ ನಾಳೆಯಿಂದ ಗೊನೆ ಬಿಟ್ಟು ತೂಕಕ್ಕೆ ಬಂದರೆ ಮೂರು ಫೈಲೂ ತೆರೆಯಬೇಕು. 'ಅಳತೆ' ಎಂಬ ಒಂದು ಫೈಲು ಮಾಡಿ, ಯಾವ ಲೆಕ್ಕದಲ್ಲಿ ಕೊಟ್ಟರೂ ಕಿಲೋ ಮಾಡಿ ಹೇಳುವ ಒಂದು ಫಂಕ್ಷನ್ ಮಾತ್ರ ಹೊರಗೆ ಕೊಟ್ಟಿದ್ದರೆ ಒಂದು ಫೈಲಿನಲ್ಲಿ ಮುಗಿಯುತ್ತಿತ್ತು. ಮಾರುಕಟ್ಟೆಯಲ್ಲಿ ಏನು ಬದಲಾಗುತ್ತಿರುತ್ತದೆ ಎಂದು ಬಾಳೆ ಮಾರುವವರಿಗೆ ಗೊತ್ತು. ಅವರನ್ನು ಕೇಳದೆ ಫೋಲ್ಡರ್ ಮಾಡಲು ಕೂರಬಾರದು.

*

ಫೋಲ್ಡರಿನ ಚಿತ್ರ ಬರೆಯುವುದರಲ್ಲಿ ಒಂದು ದಿನ ಕಳೆಯುವವರು ಕೆಲಸ ಮಾಡುತ್ತಿಲ್ಲ, ಕೆಲಸವನ್ನು ಮುಂದೂಡುತ್ತಿದ್ದಾರೆ. ಇನ್ನೂರು ಸಾಲಿನ ಪ್ರೋಗ್ರಾಮಿಗೆ ಒಂದು ಫೈಲು ಸಾಕು.

*

'ಯುಟಿಲ್ಸ್' ಎಂಬ ಫೈಲು ಸಣ್ಣದಾಗಿಯೇ ಉಳಿದ ಯೋಜನೆಯನ್ನು ನಾನಿನ್ನೂ ನೋಡಿಲ್ಲ. ಹೆಸರಿಡಲು ಬೇಸರವಾದದ್ದೆಲ್ಲ ಅಲ್ಲಿ ಹೋಗಿ ಸೇರುತ್ತದೆ, ಕಡೆಗೆ ಎಲ್ಲ ಫೈಲೂ ಅದನ್ನೇ ಇಂಪೋರ್ಟ್ ಮಾಡುತ್ತವೆ, ಅದನ್ನು ಮುಟ್ಟಲು ಎಲ್ಲರಿಗೂ ಭಯ.

*

ಇಂಪೋರ್ಟ್ ಸಾಲು ಫೈಲಿನ ಹೊರಮಟ್ಟದಲ್ಲೇ ಇರಬೇಕು, ಫಂಕ್ಷನ್ನಿನೊಳಗೆ ಅಥವಾ 'ಇಫ್' ಒಳಗೆ ಹಾಕುವಂತಿಲ್ಲ, ಹೆಸರನ್ನು ತುಂಡು ತುಂಡಾಗಿ ಜೋಡಿಸಿ ಕೊಡುವಂತಿಲ್ಲ. ಇದೆಂಥ ಬಿಗಿ ಎಂದು ಗೊಣಗುವವರುಂಟು. ಆ ಬಿಗಿಯಿಂದಲೇ ಪ್ರೋಗ್ರಾಮ್ ಓಡುವುದಕ್ಕೆ ಮೊದಲೇ ಯಾರಿಗೆ ಯಾವುದು ಬೇಕು ಎಂದು ಉಪಕರಣಗಳು ಓದಿ ತಿಳಿಯುತ್ತವೆ, ಯಾರೂ ಕೇಳದ ಫಂಕ್ಷನ್ನನ್ನು ಕಿತ್ತು ಬಿಸಾಡುತ್ತವೆ. 2015ರಲ್ಲಿ ರಿಚ್ ಹ್ಯಾರಿಸ್ ಅವರ ರೋಲಪ್ ಇದನ್ನು ಎಲ್ಲರ ಬಾಯಿಗೆ ತಂದಿತು. ಬೇಕಾದಾಗ ಮಾತ್ರ ತರುವುದಕ್ಕೆ ಆವರಣ ಹಾಕಿ ಬರೆಯುವ ಇನ್ನೊಂದು ಇಂಪೋರ್ಟ್ 2020ರಲ್ಲಿ ನಿಯಮವಾಯಿತು. ಕನ್ನಡ ಕೀಲಿಮಣೆಯ ಫೈಲುಗಳು ತಮ್ಮದೇ ದಾರಿಯಲ್ಲಿ ಮಾಡುತ್ತಿದ್ದ ಕೆಲಸ ಅದು.

*

ಒಂದು ಮಾಡ್ಯೂಲನ್ನು ಐವತ್ತು ಫೈಲು ಕೇಳಿದರೂ ಅದು ಓಡುವುದು ಒಂದೇ ಸಲ. ಐವತ್ತು ಮಂದಿಗೂ ಸಿಗುವುದು ಅದೇ ಒಂದು. ಒಳಗೊಂದು ಲೆಕ್ಕವಿಟ್ಟರೆ ಆ ಲೆಕ್ಕ ಎಲ್ಲರದು ಎಂಬುದನ್ನು ಮರೆಯಬಾರದು.

*

ಇಂಪೋರ್ಟ್ ಮಾಡಿಕೊಂಡದ್ದು ನಕಲಲ್ಲ. 'ಬೆಲೆ' ಫೈಲು ದರವನ್ನು ಬದಲಿಸಿದರೆ, ತಂದುಕೊಂಡವರಿಗೆ ಮುಂದಿನ ಸಲ ನೋಡಿದಾಗ ಹೊಸ ದರವೇ ಕಾಣುತ್ತದೆ. ತಂದುಕೊಂಡವರು ಮಾತ್ರ ಅದನ್ನು ಬದಲಿಸುವಂತಿಲ್ಲ. ಬದಲಿಸಹೋದರೆ ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ನೋಡುವುದಕ್ಕೆ ಎಲ್ಲರೂ, ಬರೆಯುವುದಕ್ಕೆ ಒಡೆಯರೊಬ್ಬರೇ. ಈ ಭಾಷೆ ತಡವಾಗಿ ಕಲಿತ ಪಾಠಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇದೇ.

*

ಡೀಫಾಲ್ಟ್ ಎಕ್ಸ್‌ಪೋರ್ಟ್‌ಗೆ ತಂದವರು ಹೆಸರಿಡುತ್ತಾರೆ. ಐದು ಫೈಲಿನಲ್ಲಿ ಐದು ಹೆಸರು, ಹುಡುಕಲು ಹೋದರೆ ಒಂದೂ ಸಿಗದು. ಹೆಸರು ಹೇಳಿಯೇ ಕೊಡಿ, ಹೆಸರು ಹೇಳಿಯೇ ತನ್ನಿ. ಇದರಲ್ಲಿ ಎರಡು ಅಭಿಪ್ರಾಯವಿದೆ ಎಂದು ಗೊತ್ತು, ಇನ್ನೊಂದರ ಪರ ಬರೆಯುವವರು ಬೇಕಾದಷ್ಟಿದ್ದಾರೆ.

*

'ಬೆಲೆ' ಫೈಲು 'ಬೆಳೆ'ಯಿಂದ ತರುತ್ತದೆ, 'ಬೆಳೆ' ಫೈಲು 'ಬೆಲೆ'ಯಿಂದ ತರುತ್ತದೆ. ಫಂಕ್ಷನ್‌ಗಳಾದರೆ ಬಹಳ ಸಲ ಏನೂ ಆಗುವುದಿಲ್ಲ, ಅದೇ ಅಪಾಯ. 'ಕಾನ್ಸ್ಟ್' ಒಂದನ್ನು ಫೈಲು ತೆರೆಯುತ್ತಿದ್ದಂತೆಯೇ ಮುಟ್ಟಿದರೆ, ಇದಕ್ಕಿನ್ನೂ ಬೆಲೆಯೇ ಕೊಟ್ಟಿಲ್ಲ, ಈಗಲೇ ಮುಟ್ಟಬೇಡಿ ಎಂಬ ತಪ್ಪು ಬರುತ್ತದೆ. ಇಂಪೋರ್ಟ್ ಸಾಲುಗಳ ಕ್ರಮವನ್ನು ಮೇಲೆ ಕೆಳಗೆ ಮಾಡಿ ಸರಿಪಡಿಸಿದೆವು ಎಂದುಕೊಳ್ಳುವವರಿದ್ದಾರೆ. ಸುತ್ತು ಬಿದ್ದಿದೆ ಎಂದರೆ ಗಡಿ ಎಳೆದದ್ದೇ ತಪ್ಪು ಜಾಗದಲ್ಲಿ. ಇಬ್ಬರಿಗೂ ಬೇಕಾದ್ದನ್ನು ಮೂರನೆಯ ಫೈಲಿಗೆ ತೆಗೆಯಿರಿ, ಇಲ್ಲವೇ ಎರಡನ್ನೂ ಒಂದು ಮಾಡಿ. ಒಂದು ಮಾಡುವುದರಲ್ಲಿ ನಾಚಿಕೆಯೇನಿಲ್ಲ.

*

ಬೆಲೆ, ಬೆಳೆ ಜಗಳಕ್ಕೆ ಇನ್ನೊಂದು ಪರಿಹಾರವುಂಟು, ಕನ್ನಡದಲ್ಲೇ ಹೆಸರಿಡುವುದು. ವೇರಿಯಬಲ್ಲಿಗೆ, ಫಂಕ್ಷನ್ನಿಗೆ ಕನ್ನಡ ಅಕ್ಷರದ ಹೆಸರನ್ನು ಜಾವಾಸ್ಕ್ರಿಪ್ಟ್ ಒಪ್ಪುತ್ತದೆ. ಇಂಪೋರ್ಟ್, ಎಕ್ಸ್‌ಪೋರ್ಟ್ ಪದಗಳು ಇಂಗ್ಲಿಷಿನಲ್ಲೇ ಇರಬೇಕು, ಅವುಗಳ ನಡುವಿನ ಹೆಸರು 'ಬೆಲೆ' ಎಂದೇ ಇರಬಹುದು. ಲಕಾರ, ಳಕಾರ ಬೇರೆಬೇರೆ, ಜಗಳ ಮುಗಿಯಿತು.

ಮುಗಿಯಿತು ಎನ್ನುವಷ್ಟರಲ್ಲಿ 'ಗೊನೆ' ಬರುತ್ತದೆ. ಯೂನಿಕೋಡಿನಲ್ಲಿ ಒತ್ವದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಗುರುತುಗಳನ್ನು ಒಂದರ ಹಿಂದೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ 'ಗೊನೆ'ಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡೂ ಒಂದೇ ಎಂದು ಯೂನಿಕೋಡ್ ಹೇಳುತ್ತದೆ. ಹೆಸರನ್ನು ಹೋಲಿಸುವಾಗ ಜಾವಾಸ್ಕ್ರಿಪ್ಟ್ ಆ ಮಾತು ಕೇಳುವುದಿಲ್ಲ. ಸಂಕೇತಕ್ಕೆ ಸಂಕೇತ ಕೂಡಿದರಷ್ಟೇ ಒಂದು. ಒಂದು ಫೈಲಿನಲ್ಲಿ ಕೀಲಿಮಣೆಯಿಂದ ಬರೆದ 'ಗೊನೆ', ಇನ್ನೊಂದರಲ್ಲಿ ಎಲ್ಲಿಂದಲೋ ಅಂಟಿಸಿದ 'ಗೊನೆ', ಎರಡು ರೂಪದಲ್ಲಿದ್ದರೆ ಅಂಥ ಎಕ್ಸ್‌ಪೋರ್ಟೇ ಇಲ್ಲ ಎಂದು ಬ್ರೌಸರ್ ಹೇಳುತ್ತದೆ, ಕಣ್ಣೆದುರಿಗೇ ಇದ್ದರೂ. ಕಾಗುಣಿತದ ನಡುವೆ ಕಣ್ಣಿಗೆ ಕಾಣದೆ ಸೇರಿಕೊಳ್ಳುವ ಝಡ್‌ಡಬ್ಲ್ಯೂಎನ್‌ಜೆ ಎಂಬ ಸಂಕೇತ ಇದ್ದರೂ ಇದೇ ಕತೆ.

ಆದರೂ ಕಲಿಯುವವರು ಕನ್ನಡದಲ್ಲಿ ಹೆಸರಿಡಲಿ ಎಂದೇ ಹೇಳುತ್ತೇನೆ. ಹೆಸರನ್ನು ಕೈಯಲ್ಲೇ ಟೈಪ್ ಮಾಡಲಿ, ಅಂಟಿಸದಿರಲಿ. ಹೊರಗಿನವರಿಗೆ ಕೊಡುವ ದಿನ ಬಂದರೆ 'ಆ್ಯಸ್' ಎಂಬ ಪದವಿದೆ: ಒಳಗೆ ಬೆಲೆ, ಬಾಗಿಲಲ್ಲಿ ಇಂಗ್ಲಿಷ್ ಹೆಸರು.

*

ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಎಂಬುದಿಲ್ಲ. ಹಾಗಾಗಿ ಫೈಲಿನ ಹೆಸರಲ್ಲಿ ಬಿ ದೊಡ್ಡದೋ ಚಿಕ್ಕದೋ ಎಂದು ನಮ್ಮ ಮಕ್ಕಳು ನೋಡುವುದೇ ಇಲ್ಲ. ವಿಂಡೋಸ್ ಕೂಡ ನೋಡುವುದಿಲ್ಲ. ಲಿನಕ್ಸ್ ಸರ್ವರ್ ನೋಡುತ್ತದೆ. ಮನೆಯಲ್ಲಿ ಓಡಿದ್ದು ಊರಿನೆದುರಿಗೆ ಓಡುವುದಿಲ್ಲ ಎಂಬ ದೂರಿನಲ್ಲಿ ಅರ್ಧಪಾಲು ಈ ಒಂದು ಅಕ್ಷರದ್ದು. ಬ್ರೌಸರಿಗಂತೂ ವಿಳಾಸ ಬೇರೆಯಾದರೆ ಮಾಡ್ಯೂಲೂ ಬೇರೆ: ಒಂದೇ ಫೈಲನ್ನು ಎರಡು ಬಗೆಯಲ್ಲಿ ಬರೆದು ಕೇಳಿದರೆ 'ಒಂದೇ ಸಲ ಓಡುತ್ತದೆ' ಎಂಬ ನಿಯಮ ಅಲ್ಲಿ ಕೆಲಸ ಮಾಡದು, ಎರಡು ಲೆಕ್ಕ ಶುರುವಾಗುತ್ತವೆ.

*

ಬೆಳಗಿನ ಚಾಮರಾಜನಗರದ ರೈಲು ನಂಜನಗೂಡಿನಲ್ಲಿ ಹತ್ತಿಸಿಕೊಂಡು ಮೈಸೂರಿಗೆ ಒಯ್ಯುವ ಹುಡುಗ ಹುಡುಗಿಯರಲ್ಲಿ ಲ್ಯಾಪ್‌ಟಾಪ್ ಚೀಲದವರೂ ಇರುತ್ತಾರೆ. ಇವರು ಬರೆದದ್ದನ್ನು ಓದುವವರು ಯಾವ ದೇಶದಲ್ಲೋ ಇರುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಫೈಲಿನ ಮೇಲ್ಗಡೆಯ ನಾಲ್ಕು ಇಂಪೋರ್ಟ್ ಸಾಲೇ ಪರಿಚಯಪತ್ರ. ಆ ನಾಲ್ಕು ಸಾಲು ನಲವತ್ತಾಗಿದ್ದರೆ ಅವರು ಕೆಳಗಿನದನ್ನು ಓದುವುದಕ್ಕೆ ಮುಂಚೆಯೇ ನಿಟ್ಟುಸಿರು ಬಿಡುತ್ತಾರೆ.

*

2016ರ ಮಾರ್ಚ್ 22. ಅಜೆರ್ ಕೊಚುಲು ಎಂಬ ಪ್ರೋಗ್ರಾಮರ್, ಒಂದು ಪ್ಯಾಕೇಜಿನ ಹೆಸರಿನ ತಕರಾರಿನಲ್ಲಿ ಬೇಸತ್ತು, ಎನ್‌ಪಿಎಂ ಎಂಬ ಪ್ಯಾಕೇಜು ಭಂಡಾರದಲ್ಲಿದ್ದ ತಮ್ಮ 250ಕ್ಕೂ ಹೆಚ್ಚು ಪ್ಯಾಕೇಜುಗಳನ್ನು ತೆಗೆದುಬಿಟ್ಟರು. ಅದರಲ್ಲೊಂದು ಲೆಫ್ಟ್-ಪ್ಯಾಡ್. ಹನ್ನೊಂದು ಸಾಲು; ಪದದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದು ಅದರ ಕೆಲಸ. ಬೇಬಲ್‌ನಂಥ ದೊಡ್ಡ ಉಪಕರಣಗಳು ಅದನ್ನು ನೇರವಾಗಿಯೋ ಸುತ್ತಿಬಳಸಿಯೋ ನೆಚ್ಚಿಕೊಂಡಿದ್ದವು. ಜಗತ್ತಿನ ಉದ್ದಗಲಕ್ಕೂ ಪ್ರೋಗ್ರಾಮುಗಳು ಕಟ್ಟುವ ಹಂತದಲ್ಲೇ ನಿಂತವು. ಕೆಲವು ಗಂಟೆಗಳಲ್ಲಿ ಎನ್‌ಪಿಎಂನವರು ಅದನ್ನು ಮರಳಿ ಹಾಕಿದರು. ಮರುವರ್ಷದ ನಿಯಮಪುಸ್ತಕದಲ್ಲಿ ಅದೇ ಕೆಲಸ ಮಾಡುವ ಪ್ಯಾಡ್‌ಸ್ಟಾರ್ಟ್ ಭಾಷೆಗೇ ಸೇರಿತು.

ಇದನ್ನು ಹೇಳಿ, ಹನ್ನೊಂದು ಸಾಲು ಬರೆಯಲಾರದವರು ಎಂದು ನಗುವವರಿದ್ದಾರೆ. ಅವರಲ್ಲಿ ಬಹಳ ಮಂದಿಯ ಪ್ರೋಗ್ರಾಮೂ ಅವತ್ತು ನಿಂತಿತ್ತು. ಲೆಫ್ಟ್-ಪ್ಯಾಡ್ ತಂದುಕೊಂಡ ಎಷ್ಟೋ ಮಂದಿ ತಾವು ತಂದುಕೊಂಡಿದ್ದೇವೆಂದೇ ಅರಿಯರು. ಅವರು ತಂದದ್ದು ಇನ್ನೇನನ್ನೋ. ಅದು ಇನ್ನೊಂದನ್ನು ತಂದಿತ್ತು, ಆ ಇನ್ನೊಂದು ಇದನ್ನು.

*

ನೀವು ಬರೆದ ಇಂಪೋರ್ಟ್ ಸಾಲು ಒಂದು. ನಿಮ್ಮ ಮೇಲೆ ಬಿದ್ದ ಹೊಣೆ ಅದರ ಹಿಂದಿನ ಎಲ್ಲದರದು. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜನ್ನು ನೋಡಿಕೊಳ್ಳಲು ಸಮಯವಿಲ್ಲದ ಒಡೆಯರು, ನಾನು ನೋಡಿಕೊಳ್ಳುತ್ತೇನೆ ಎಂದು ಬಂದ ಅಪರಿಚಿತರಿಗೆ ಒಪ್ಪಿಸಿದರು. ಬಂದವರು ಬಿಟ್‌ಕಾಯಿನ್ ಕದಿಯುವ ಕೋಡನ್ನು ಅದಕ್ಕೆ ಕೊಂಡಿ ಹಾಕಿದರು.

*

ಪುಕ್ಕಟೆ ಸಿಕ್ಕ ಪ್ಯಾಕೇಜನ್ನು ಯಾರೋ ರಾತ್ರಿ ನಿದ್ದೆಗೆಟ್ಟು ಬರೆದಿರುತ್ತಾರೆ. ತಪ್ಪು ಕಂಡಾಗ ಬೈಯುವುದಕ್ಕಿಂತ ತಿದ್ದಿ ಕಳಿಸುವುದು ಮರ್ಯಾದೆ.

*

ಮೊಮೆಂಟ್ ಎಂಬ ಲೈಬ್ರರಿ ದಿನಾಂಕ, ವೇಳೆ ತೋರಿಸಲು ಬಹಳ ವರ್ಷ ಎಲ್ಲರಿಗೂ ಆಸರೆಯಾಗಿತ್ತು. ನೂರಕ್ಕೂ ಹೆಚ್ಚು ಭಾಷಾರೂಪಗಳಿಗೆ ಒಂದೊಂದು ಫೈಲು, ಕನ್ನಡದ್ದು 'ಕೆಎನ್'. ಯಾವ ಭಾಷೆ ಬೇಕೆಂಬುದನ್ನು ಅದು ಓಡುವಾಗಷ್ಟೇ ತೀರ್ಮಾನಿಸುತ್ತಿದ್ದರಿಂದ ವೆಬ್‌ಪ್ಯಾಕ್ ಎಂಬ ಉಪಕರಣ ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಗಂಟು ಕಟ್ಟುತ್ತಿತ್ತು. ಗೊತ್ತಿದ್ದವರು ಬಿಚ್ಚಿ ತೆಗೆಯುತ್ತಿದ್ದರು. ಗೊತ್ತಿಲ್ಲದವರು ಮಾಡಿದ ಪುಟವನ್ನು ಬನ್ನೂರು ಬಸ್ಸಿನಲ್ಲಿ ಕೂತು ತೆರೆದವರ ಮೊಬೈಲಿಗೆ ಐಸ್‌ಲ್ಯಾಂಡಿನ ತಿಂಗಳ ಹೆಸರುಗಳೂ ಇಳಿಯುತ್ತಿದ್ದವು.

ಆ 'ಕೆಎನ್' ಫೈಲನ್ನು ತೆರೆದು ಓದಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಹೊತ್ತಿಗೆ ನಾಲ್ಕು ಹೆಸರು ಕೊಟ್ಟಿದ್ದಾರೆ: ರಾತ್ರಿ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಗಂಟೆ ನಾಲ್ಕಕ್ಕಿಂತ ಕಡಿಮೆಯಾದರೆ ರಾತ್ರಿ, ಹತ್ತಕ್ಕಿಂತ ಕಡಿಮೆಯಾದರೆ ಬೆಳಿಗ್ಗೆ, ಹದಿನೇಳಕ್ಕಿಂತ ಕಡಿಮೆಯಾದರೆ ಮಧ್ಯಾಹ್ನ. ಅಂದರೆ ಹತ್ತು ಹೊಡೆದ ಕೂಡಲೇ ಕನ್ನಡಿಗರಿಗೆ ಮಧ್ಯಾಹ್ನ. ನಂಜನಗೂಡಿನಿಂದ ಬೀದರಿನ ತನಕ ಹತ್ತೂವರೆಗೆ ಆಫೀಸು ಸೇರುವವರಾರೂ ಮಧ್ಯಾಹ್ನ ಹತ್ತೂವರೆ ಎನ್ನುವುದಿಲ್ಲ. ಇದೇ ಗಂಟೆಗಳು ಹಿಂದಿಯ ಫೈಲಿನಲ್ಲೂ ಇವೆ. ಬರೆದವರು ದುಡ್ಡಿಗೆ ಬರೆದದ್ದಲ್ಲ, ಕನ್ನಡ ಇರಲಿ ಎಂಬ ಪ್ರೀತಿಗೆ ಬರೆದದ್ದು, ಅವರನ್ನು ಆಡಿಕೊಳ್ಳಲಾಗದು. ಎಕ್ಸ್‌ಪೋರ್ಟ್ ಆದ ಮೇಲೆ ಅದನ್ನು ಬಳಸಿದ ಪುಟಗಳೆಲ್ಲ ಅದನ್ನೇ ಹೇಳಿದವು ಎಂಬುದಷ್ಟೇ ಮಾತು. ಬಳಸಿದವರು ತೆರೆದು ಓದಲಿಲ್ಲ.

*

ಅತಿ ಒಳ್ಳೆಯ ಇಂಪೋರ್ಟ್ ಬರೆಯದೆ ಬಿಟ್ಟದ್ದು. ಇಂದಿನ ಬ್ರೌಸರುಗಳಲ್ಲಿ ಇಂಟ್ಲ್ ಎಂಬುದು ಒಳಗೇ ಇದೆ. ಅದಕ್ಕೆ 'ಕೆಎನ್' ಎಂದು ಹೇಳಿದರೆ ತಿಂಗಳು, ವಾರಗಳ ಹೆಸರನ್ನು ಕನ್ನಡದಲ್ಲಿ ಕೊಡುತ್ತದೆ. ಕನ್ನಡ ಅಂಕಿ ಬೇಕೆಂದರೆ ಅದನ್ನೂ ಕೊಡುತ್ತದೆ. ಯಾವ ಪ್ಯಾಕೇಜೂ ಬೇಡ, ಯಾರ ಮುನಿಸಿಗೂ ಹೆದರಬೇಕಿಲ್ಲ.

*

ಮೊಮೆಂಟ್ ತಂಡದವರು 2020ರ ಸೆಪ್ಟೆಂಬರಿನಲ್ಲಿ, ಹೊಸ ಕೆಲಸಗಳಿಗೆ ಇದನ್ನು ಬಳಸಬೇಡಿ, ಇನ್ನು ಮುಂದೆ ಇದಕ್ಕೆ ಹೊಸದೇನೂ ಸೇರುವುದಿಲ್ಲ ಎಂದು ತಾವೇ ಹೇಳಿದರು. ತಮ್ಮ ಮಾಡ್ಯೂಲನ್ನು ಬಳಸಬೇಡಿ ಎನ್ನುವ ಧೈರ್ಯ ಎಲ್ಲರಿಗಿರುವುದಿಲ್ಲ.

ಅದರ ಜಾಗಕ್ಕೆ ಬಂದ ಡೇಟ್-ಎಫ್‌ಎನ್‌ಎಸ್‌ನಲ್ಲೂ ಕನ್ನಡದ ಫೈಲಿದೆ, ಅದೊಂದನ್ನೇ ಹೆಸರು ಹೇಳಿ ತರಬಹುದು. ಇಂಟ್ಲ್ ಹೇಳುವ ಕನ್ನಡ ಬರುವುದು ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಭಂಡಾರದಿಂದ. ಸ್ವಯಂಸೇವಕರು ಅಲ್ಲಿಗೂ ತಿದ್ದುಪಡಿ ಸೂಚಿಸಬಹುದು. ನಿಮ್ಮ ಕೆಲಸದಲ್ಲಿ ಇವುಗಳಲ್ಲಿ ಯಾವುದು ಬಳಕೆಯಲ್ಲಿದೆಯೋ ಅದರ 'ಕೆಎನ್' ಫೈಲನ್ನು ಈ ವಾರ ಒಮ್ಮೆ ತೆರೆದು ಮೇಲಿನಿಂದ ಕೆಳಗಿನ ತನಕ ಓದಿ. ಸಿಎಲ್‌ಡಿಆರ್‌ನದು ದೊಡ್ಡದು, ಮಿಕ್ಕವು ಒಂದು ಕಾಫಿ ಮುಗಿಯುವಷ್ಟರಲ್ಲಿ ಆಗುತ್ತವೆ. ತಪ್ಪು ಕಂಡರೆ ತಿದ್ದಿ ಕಳಿಸಿ.